ಒಂದು ನಮೂನಿ ಸೆರೆ

ಅಣ್ಣನ ಕಣ್ಣು ನೋಡಿದ ಯಾರಿಗೂ ಅವು ಕಾಣದ ಕಣ್ಣು ಅನ್ನಿಸುತ್ತಿರಲಿಲ್ಲ. ಪರಿಮಳಾಗೆ ತಡೆಯಲಾಗದೆ ಹೋಗುತ್ತಿದ್ದದ್ದು ಅದೇ. ಗೋಗಿಯಿಂದ ಶಹಾಪುರಕ್ಕೆ ಹೊರಟ ಟಂಟಂ ಆಟೋದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಎದುರುಬದುರು ಕೂತಿದ್ದರು. ಭೀಮರಾಯನ ಕಣ್ಣು ಮೊದಲಿನಷ್ಟೇ ಕಪ್ಪಗೆ, ತಿಳಿಯಾಗಿ ಅವಳ ಮುಖದ ಮೇಲೆ ನೆಟ್ಟಿದ್ದವು. ರಸ್ತೆಯ ಗುಂಡಿಗೆ ಗಾಡಿ ಎತ್ತಿ ಹಾಕಿ ಅವಳು ಒಂದು ಬದಿಗೆ ಸರಿದರೆ ಆ ನೋಟ ಸರಿಯುತ್ತಿರಲಿಲ್ಲ. ಅವಳು ಬಿಟ್ಟ ಜಾಗವನ್ನೇ ನೋಡುತ್ತ ಉಳಿಯುತ್ತಿತ್ತು. ಆಗ ಅವಳಿಗೆ ಜರಾ ಹಗುರಾಗುತ್ತಿತ್ತು. ಹಗುರಾದದ್ದಕ್ಕೆ ಮತ್ತೆ ನಾಚಿಕೆಯಾಗುತ್ತಿತ್ತು. ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದರು: ಕಣ್ಣಿಗೇನೂ ಆಗಿಲ್ಲ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸತ್ತಿದೆ, ಬೆಳಕು ಒಳಗೆ ಬರುತ್ತದೆ, ಅಲ್ಲಿಂದ ಮುಂದೆ ಒಯ್ಯುವವರಿಲ್ಲ. ಅವರು ಹೇಳುವ ಮೊದಲೇ ಅವಳಿಗೆ ಅದು ಗೊತ್ತಿತ್ತು. ಮೆಥನಾಲ್ ಮನುಷ್ಯನ ಹೊಟ್ಟೆಗೆ ಹೋದರೆ ಒಡೆದು ಏನಾಗುತ್ತದೆ, ಅದು ಮತ್ತೆ ಒಡೆದು ಏನಾಗುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ. ಆ ಒಡೆದ ಚೂರುಗಳನ್ನೂ ಪುಣೆಯಲ್ಲಿ ಅವಳ ಜೊತೆ ನಕ್ಷತ್ರಗಳ ಮೇಲೆ ಕೆಲಸ ಮಾಡುವವರು ಆಕಾಶದಲ್ಲಿ ಹುಡುಕಿ ತೆಗೆದಿದ್ದರು.

ಹತ್ತಿ ಬಿಡಿಸಲು ಹೊರಟಿದ್ದ ಹೆಂಗಸೊಬ್ಬಳು ಕೇಳಿದಳು: "ಎಲ್ಲಿಗಿ ಹೊಂಟೀರಿ ಅಣ್ಣಾ-ತಂಗಿ?"

"ತಹಸೀಲ ಕಚೇರಿಗ್ರಿ. ಸಾಕ್ಷಿ ಹೇಳಾಕ," ಅಂದ ಭೀಮರಾಯ.

"ಏನ್ ಸಾಕ್ಷಿ?"

"ಸೆರೆ ಕುಡದು ಮೂರು ಮಂದಿ ಸತ್ರಲ್ಲ ನಮ್ಮ ಕೇರ್ಯಾಗ, ಉಳದಾಂವ ನಾನು."

ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಕಣ್ಣು ನೋಡಿದಳು, ಆಮೇಲೆ ಪರಿಮಳಾಳ ಚಪ್ಪಲಿ, ಕೈಗಡಿಯಾರ, ಕತ್ತರಿಸಿದ ಕೂದಲು ನೋಡಿದಳು.

ಮರಿಲಿಂಗ ಅವರ ದೊಡ್ಡಪ್ಪನ ಮಗ. ಅವನ ಹೊಸ ಮನೆಗೆ ಸ್ಲಾಬ್ ಹಾಕಿದ ದಿನ ಕೇರಿಯ ಗಂಡಸರೆಲ್ಲ ಕೈ ಹಚ್ಚಿದ್ದರು. ಹೊತ್ತು ಇಳಿಯುವಾಗ, ಮೈಮೇಲೆ ಸಿಮೆಂಟು ಒಣಗುತ್ತಿರುವಾಗಲೇ, ಮರಿಲಿಂಗ, ಅಣ್ಣ, ಇನ್ನಿಬ್ಬರು ಮಾತ್ರ ಉಳಿದು ಅಂಬವ್ವನ ಮನೆಯಿಂದ ಸೆರೆ ತರಿಸಿ ಕುಡಿದರು. ಅಂಬವ್ವ ಕೇರಿಯ ಕಡೇ ಮನೆಯವಳು; ಗಂಡ ಸತ್ತ ಮೇಲೆ ಅದನ್ನೇ ಇಳಿಸಿ, ಅದನ್ನೇ ಮಾರಿ ಮಗಳನ್ನು ಬೆಳೆಸಿದವಳು. ಅವಳದು ತೀರಿದ ಮೇಲೆ ಇನ್ನೇನೋ ಕುಡಿದರು. ಅದು ಏನು, ಯಾರು ತಂದರು ಅಂತ ಹೇಳಲು ಆ ಗುಂಪಿನಲ್ಲಿ ಈಗ ಅಣ್ಣನೊಬ್ಬನೇ ಇದ್ದ. ಮರುದಿನ ಮಧ್ಯಾಹ್ನದವರೆಗೆ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದರು, ಉಸಿರಿಗಾಗಿ ಬಾಯಿ ತೆರೆದರು, ಕಣ್ಣ ಮುಂದೆ ಹಾಲು ಚೆಲ್ಲಿದ ಹಾಗೆ ಆಗಿದೆ ಅಂದರು. ಮರಿಲಿಂಗ ಶಹಾಪುರ ಮುಟ್ಟುವ ಮೊದಲೇ ಹೋದ, ಇನ್ನಿಬ್ಬರು ಕಲಬುರಗಿಯ ದಾರಿಯಲ್ಲಿ. ಪೊಲೀಸರು ಅಂಬವ್ವನನ್ನು ಕರೆದೊಯ್ದರು. ಸೆರೆ ಅಂದ ಮೇಲೆ ಕೇರಿಯಲ್ಲಿ ಮತ್ತ್ಯಾರ ಹೆಸರು ಬರಬೇಕು? ಕಲಬುರಗಿಯ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಸಾದಾ ಸೆರೆ ಹೊಟ್ಟೆಯಲ್ಲಿ ಜಾಸ್ತಿ ಇದ್ದರೆ ಅದು ಮೆಥನಾಲ್ ಒಡೆಯುವುದನ್ನು ತಡೆದು ನಿಲ್ಲಿಸುತ್ತದೆ, ನಿಮ್ಮ ಅಣ್ಣ ಉಳಿದದ್ದು ಅದರಿಂದ ಅಂತ. ಅಂದರೆ ಅಣ್ಣನ ಜೀವ ಹಿಡಿದಿಟ್ಟದ್ದು ಅಂಬವ್ವ ಇಳಿಸಿದ ಸೆರೆ. ಈ ಮಾತನ್ನು ಪರಿಮಳಾ ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ "ಹೌದ್ರೀ?" ಅಂದು, ಗೊತ್ತಿಲ್ಲದವಳ ಹಾಗೆ ಹುಬ್ಬೇರಿಸಿದ್ದಳು.

ಖಬರು ಬಂದಾಗ ಅವಳು ಪುಣೆಯಲ್ಲಿ ತನ್ನ ನಕ್ಷೆಯ ಮುಂದೆ ಕೂತಿದ್ದಳು. ಹೊಸ ನಕ್ಷತ್ರಗಳು ಹುಟ್ಟುವ ಒಂದು ಕತ್ತಲೆಯ ಮೋಡದ ನಕ್ಷೆ ಅದು. ಧೂಳು ಎಷ್ಟು ದಟ್ಟವಾಗಿರುತ್ತದೆ ಅಂದರೆ ಅದರೊಳಗಿನ ಬೆಳಕು ಹೊರಗೆ ಬರುವುದಿಲ್ಲ. ರೇಡಿಯೋ ಅಲೆ ಮಾತ್ರ ಬರುತ್ತದೆ. ಹುಟ್ಟುತ್ತಿರುವ ನಕ್ಷತ್ರದ ಕಾವಿಗೆ ಸುತ್ತಲಿನ ಮೆಥನಾಲ್ ಕಣಗಳು ಕೆರಳಿ ನಿಲ್ಲುತ್ತವೆ. ಒಂದು ಅಲೆ ಹಾದು ಬಂದರೆ ಒಂದು ಕಣ ತನ್ನದನ್ನು ಕೂಡಿಸುತ್ತದೆ, ಅದನ್ನು ನೋಡಿ ಇನ್ನೊಂದು, ಮತ್ತೊಂದು, ಎಲ್ಲವೂ ಒಂದೇ ಹೆಜ್ಜೆಗೆ, ಸಣ್ಣ ಪಿಸುಮಾತು ಕೂಗಾಗುವವರೆಗೆ. ಅದಕ್ಕೆ ಮೇಸರ್ ಅನ್ನುತ್ತಾರೆ. ಬೇರೆಬೇರೆ ದೇಶಗಳ ದೊಡ್ಡ ಡಿಶ್‌ಗಳನ್ನು ಒಂದೇ ಹೊತ್ತಿಗೆ ಒಂದೇ ಕಡೆ ತಿರುಗಿಸಿ, ಕೇಳಿಸಿದ್ದನ್ನೆಲ್ಲ ಒಂದರ ಮೇಲೊಂದು ಕೂಡಿಸಿದರೆ ಆ ಕೂಗು ಯಾವ ಚುಕ್ಕೆಯಿಂದ ಬಂತು, ಆ ಚುಕ್ಕೆ ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಗೊತ್ತಾಗುತ್ತದೆ. ಕೆಂಪು ಚುಕ್ಕೆ, ನೀಲಿ ಚುಕ್ಕೆ. ಅವೆಲ್ಲ ಸೇರಿ ಒಂದು ಮುರಿದ ಬಳೆ. ನಡುವೆ ಕಾಣದ ನಕ್ಷತ್ರ. ಅವಳು ವರ್ಷಗಟ್ಟಲೆ ಆ ಬಳೆಯ ಮುಂದೆ ಕೂತಿದ್ದಳು. ಫೋನು ಬಂದದ್ದು ಹಗಲು. ರೇಡಿಯೋಗೆ ಹಗಲು ರಾತ್ರಿ ಇಲ್ಲ. ಅತ್ತಿಗೆ ದೇವಕಮ್ಮ ಅಳುತ್ತಿರಲಿಲ್ಲ, ಸುಮ್ಮನೆ ಹೇಳಿದಳು: "ನಿಮ್ಮಣ್ಣಗ ಏನೂ ಕಾಣವಲ್ದು. ಡಾಕ್ಟರು ಅದೇನೋ ಮೆಥನಾಲು ಅಂತಾರ. ಅದು ನಿಂದಲ್ಲೇನು?"

ಅದು ನಿಂದಲ್ಲೇನು. ವೈನಿ ಆ ಮಾತನ್ನು ಯಾವ ಅರ್ಥದಲ್ಲಿ ಅಂದಳೋ ಪರಿಮಳಾ ಕೇಳಿರಲಿಲ್ಲ. ದವಾಖಾನೆಯಲ್ಲಿ ಅಣ್ಣನೂ ಅವಳ ಕೈ ಸವರುತ್ತ ಅದೇ ಅಂದಿದ್ದ: "ನಿಂದ ಅದು, ಪರೀ." ನಂಜು ಏರಿದವನ ಮಾತು ಅಂತ ಅವಳು ಬದಿಗೆ ಸರಿಸಿದ್ದಳು. ಸರಿಸಿದ್ದು ಸರಿದು ಹೋಗದೆ ಅಲ್ಲೇ ನಿಂತಿತ್ತು.

ಶಹಾಪುರದ ಬೆಟ್ಟ, ಮಲಗಿದ ಬುದ್ಧ, ಎಡಕ್ಕೆ ಕಾಣಿಸಿಕೊಂಡಿತು. ಭೀಮರಾಯ ಆ ಕಡೆಗೇ ಕತ್ತು ತಿರುಗಿಸಿ ಕೈ ಜೋಡಿಸಿದ. "ನಿನಗ ಹ್ಯಾಂಗ ಗೊತ್ತಾತು?" ಅಂದಳು. "ತಿರುವಿನ್ಯಾಗ ಗಾಡಿ ಹೊಳ್ಳಿತಲ್ಲ," ಅಂದ.

ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ಜನ ಕೂತಿದ್ದರು. ಅವಳನ್ನು ಕಂಡು ಪ್ಯೂನ್ ಎದ್ದು ಬಂದ, "ಸೈಂಟಿಸ್ಟ್ ಮೇಡಂ ನೀವ ಏನ್ರಿ? ಒಳಗ ಬರ್ರಿ, ಕುಂದರ್ರಿ," ಅಂದ. ಅಣ್ಣನಿಗೆ ಏನೂ ಅನ್ನಲಿಲ್ಲ. ಅವಳು ಇಲ್ಲೇ ಕೂಡುತ್ತೇನೆ ಅಂದಳು. ಹಾಗೆ ಅಂದದ್ದು ತನಗೇ ಒಂದು ಒಳ್ಳೆಯತನದ ಹಾಗೆ ಕೇಳಿಸಿ ಅಸಹ್ಯವಾಯಿತು. ಮರದ ಆಚೆ ಬದಿಯಿಂದ ಜ್ಯೋತಿ ಎದ್ದು ಬಂದಳು. ಅಂಬವ್ವನ ಮಗಳು. ಹತ್ತನೆಯ ತರಗತಿಯವರೆಗೆ ಇಬ್ಬರೂ ಒಂದೇ ಬೆಂಚು. ಗಣಿತ ಜ್ಯೋತಿಗೆ ಹತ್ತುತ್ತಿರಲಿಲ್ಲ. ಪರೀಕ್ಷೆಯ ದಿನ ಅವಳು ಉತ್ತರ ಕೇಳಿ ಕಾಲು ಒತ್ತಿದಾಗ ಪರಿಮಳಾ ತನ್ನ ಕಾಲು ಹಿಂದೆಳೆದುಕೊಂಡಿದ್ದಳು. ಈಗ ಜ್ಯೋತಿಯ ಗಲ್ಲ ಒಳಗೆ ಹೋಗಿತ್ತು, ಸೀರೆಯ ಮೇಲೆ ಹತ್ತಿಯ ಎಳೆಗಳು.

"ಪರಿಮಳಾ, ನಮ್ಮವ್ವ ಅಷ್ಟು ವರ್ಷ ಇಳಿಸ್ಯಾಳ. ಯಾರಾರ ಸತ್ತಾರೇನು?" ಅಂದಳು. ಧ್ವನಿ ಏರಿಸಲಿಲ್ಲ. "ಮೊನ್ನಿ ಜೈಲಿಗೆ ಹೋಗಿದ್ದೆ. ಉಣ್ಣಾಕ ಒಲ್ಲಳಂತ. ತನ್ನ ಕೈಯಿಂದ ಮರಿಲಿಂಗ ಹ್ಯಾಂಗ ಸತ್ತ ಅಂತ ಕುಂತಲ್ಲೇ ಕೇಳ್ತಾಳ. ತಾನ ಕೊಂದೀನಿ ಅಂತ ತಿಳ್ಕೊಂಡಾಳ ಆಕಿ. ನಾ ಏನ್ ಹೇಳಿದ್ರೂ ಯಾರೂ ನಂಬಂಗಿಲ್ಲ. ನೀ ಓದಿದಾಕಿ. ಅದು ನಮ್ಮವ್ವನ ಸೆರ್ಯಾಗ ಇರಂಗಿಲ್ಲ ಅಂತ ನೀ ಅಂದ್ರ ನಂಬತಾರ."

"ನೋಡೂಣು," ಅಂದಳು ಪರಿಮಳಾ. ಕಚೇರಿಯವರು ಅನ್ನುವ ಮಾತು ಅದು. ಜ್ಯೋತಿ ಭೀಮರಾಯನ ಕಡೆ ಒಮ್ಮೆ ನೋಡಿ ಮರದಾಚೆ ಹೋದಳು.

ಅವಳ ಹೆಜ್ಜೆ ದೂರವಾಗುವವರೆಗೆ ಭೀಮರಾಯ ಕಾದ. "ಪರೀ," ಅಂದ, "ಕಡೀಕ ಕುಡದ ಡಬ್ಬಿ ನಾ ತಂದದ್ದು."

ಬೇವಿನ ಎಲೆ ಒಂದೊಂದಾಗಿ ಬೀಳುತ್ತಿದ್ದವು. ಗೊತ್ತು ಅನ್ನಬೇಕೋ, ಹೌದಾ ಅನ್ನಬೇಕೋ ತಿಳಿಯದೆ ಅವಳು ಅವನ ಅಂಗಿಯ ಮೇಲಿನ ಎಲೆ ತೆಗೆದಳು. ಅವನು ಯಾದಗಿರಿಯ ಆಚೆ ಒಂದು ಔಷಧಿ ಕಾರ್ಖಾನೆಯಲ್ಲಿ ಡ್ರಮ್ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಖಾಲಿ ಡ್ರಮ್‌ಗಳ ತಳದಲ್ಲಿ ಉಳಿದದ್ದನ್ನು ಆಳುಗಳು ಬಗ್ಗಿಸಿಕೊಂಡು ಕೈಗೆ ಹತ್ತಿದ ಬಣ್ಣ ತೊಳೆಯುತ್ತಿದ್ದರಂತೆ. ಅವನೂ ಒಂದು ಕ್ಯಾನಿನಲ್ಲಿ ತಂದು ಮನೆಯಲ್ಲಿ ಇಟ್ಟಿದ್ದ, ಸೈಕಲ್ ಚೈನು ಒರೆಸಲು. "ಡ್ರಮ್ಮಿನ ಮ್ಯಾಲ ಇಂಗ್ಲಿಷಿನ್ಯಾಗ ದೊಡ್ಡಾಗಿ ಬರದಿತ್ತು. ಒಂದೊಂದ ಅಕ್ಷರ ಕೂಡಿಸಿ ಓದಿದೆ. ನಿನ್ನ ಸನ್ಮಾನದ ಬ್ಯಾನರಿನ ಮ್ಯಾಲ ಇತ್ತಲ್ಲ, ಅದ. ಬರಾಬರಿ ಅದ. ಅವತ್ತು ಅಂಬವ್ವಂದು ಮುಗೀತು, ಮರಿಲಿಂಗ ಇನ್ನೂ ಬೇಕಂದ. ನಾ ಮನಿಗಿ ಹೋಗಿ ತಂದೆ. ಇದು ನಮ್ಮ ಪರಿಮಳಾ ಚುಕ್ಕಿಯೊಳಗ ನೋಡ್ತಾಳಲ್ಲ ಆ ಸೆರೆ, ಪುಣ್ಯೇವಂತರಿಗಷ್ಟ ಸಿಗತದ ಅಂದೆ. ಮರಿಲಿಂಗ ಮೊದಲ ಆಕಾಶದ ಕಡಿ ಎತ್ತಿ ತೋರಿಸಿ ಆಮ್ಯಾಲ ಕುಡದ." ಅವನ ಮುಖದಲ್ಲಿ ಆಪಾದನೆ ಇರಲಿಲ್ಲ. ಅವಳು ಹುಡುಕಿದಳು, ಇದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು.

ಏಪ್ರಿಲ್‌ನಲ್ಲಿ, ಜಯಂತಿಯ ದಿನ, ಕೇರಿಯ ಮಂದಿ ಶಾಲೆಯ ಹಾಲಿನಲ್ಲಿ ಅವಳಿಗೆ ಸನ್ಮಾನ ಮಾಡಿದ್ದರು. ಬ್ಯಾನರಿನ ಮೇಲೆ ನಕ್ಕ ಮುಖದ ಅವಳ ಫೋಟೋ, ಅದರ ಹಿಂದೆ ಅವಳೇ ಕಳಿಸಿದ ನಕ್ಷೆ, ಕೆಂಪು ನೀಲಿ ಚುಕ್ಕೆಗಳು, ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಮೆಥನಾಲ್. ಅಣ್ಣ ಮುಂದಿನ ಸಾಲಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಅವಳು ಮಾತು ಶುರು ಮಾಡಿದಳು, ಕಣ, ಅಲೆ, ಕಂಪನ. ಹಾಲಿನಲ್ಲಿ ಒಬ್ಬೊಬ್ಬರ ಮುಖವೂ ಆರುತ್ತ ಬಂತು. ಹಿಂದಿನವರು ಫೋನು ತೆಗೆದರು. ಪುಣೆಯಲ್ಲಿ ಊಟದ ಮೇಜಿನ ಮೇಲೆ ಯಾದಗಿರಿ ಎಲ್ಲಿದೆ ಅಂತ ಕೇಳಿ ಉತ್ತರ ಮುಗಿಯುವ ಮೊದಲೇ ಬೇರೆ ಮಾತಿಗೆ ಹೋಗುವವರ ಮುಖಗಳ ಹಾಗೆಯೇ ಇದ್ದವು ಇವೂ. ಎರಡೂ ಕಡೆ ತಾನು ಯಾರಿಗೂ ಬೇಕಾಗದ ಮಾತಾಡುವವಳು ಅನ್ನಿಸಿತು. ಆಗ ಮರಿಲಿಂಗ ಎದ್ದು ನಿಂತು ಕೇಳಿದ, "ಮೆಥನಾಲ್ ಅಂದ್ರ ಏನವ್ವ, ನಮಗ ತಿಳಿಯೂ ಹಂಗ ಹೇಳು." ಅವಳು ಅಂದಳು: "ಅದು ಒಂದು ನಮೂನಿ ಸೆರೆ ರೀ." ಇಡೀ ಸಭೆ ಹೋ ಅಂತ ನಕ್ಕಿತು. ಆ ನಗೆ ಮೈಗೆ ಬಿಸಿನೀರು ಹೊಯ್ದ ಹಾಗಿತ್ತು. "ಆ ಮೋಡದಾಗ ಎಷ್ಟು ಅದ ಅಂದ್ರ, ಭೂಮಿ ಮಂದಿ ಎಲ್ಲಾ ಕುಂತು ಕುಡದ್ರೂ ತೀರಂಗಿಲ್ಲ." ಮತ್ತೆ ನಗೆ, ಚಪ್ಪಾಳೆ. ಇದನ್ನು ಕುಡಿದರೆ ಸಾಯುತ್ತಾರೆ ಅನ್ನುವ ಮಾತು ಅವಳ ನಾಲಿಗೆಯ ತುದಿಗೇ ಇತ್ತು. ಹೇಳಿದರೆ ನಗೆ ನಿಲ್ಲುತ್ತದೆ. ಅವಳು ಮುಂದಿನ ಚಿತ್ರಕ್ಕೆ ಹೋದಳು.

"ವೈನಿಗಿ ಗೊತ್ತದೇನು?" ಅಂತ ಕೇಳಿದಳು ಈಗ.

"ಆಕಿಗಿ ನಾ ಹೇಳಿಲ್ಲ," ಅಂದ ಭೀಮರಾಯ. "ಯಾರಿಗೂ ಹೇಳಿಲ್ಲ. ಏನ್ ಹೇಳಬೇಕು ಏನಿಲ್ಲ ನೀನ ನೋಡಿ ಹೇಳು. ನಿನಗ ತಿಳೀತದ."

ಒಳಗೆ ಕರೆದರು. ವಿಚಾರಣೆಗೆ ಬಂದಿದ್ದ ಅಧಿಕಾರಿ ಬಸವೇಶ್ವರಿ ಅಂತ. ಹಣೆಯ ಮೇಲೆ ತೆಳುವಾಗಿ ವಿಭೂತಿ, ಮೆಲ್ಲಗಿನ ಮಾತು. ಪರಿಮಳಾಗೆ ಎದುರಿನ ಖುರ್ಚಿ ತೋರಿಸಿದರು, ಭೀಮರಾಯನನ್ನು ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕೂರಿಸಿದರು. ಕಿಟಕಿಯ ಹತ್ತಿರ ಟೈಪಿಸ್ಟು. ಮೊದಲು ಅಣ್ಣನನ್ನು ಕೇಳಿದರು, ಏನು ಕುಡಿದಿರಿ? ಸೆರೆ ರೀ. ಎಲ್ಲಿಯದು? ಅಂಬವ್ವನ ಮನಿಯಿಂದ ಬಂದಿತ್ರಿ. ಬೇರೆ ಏನಾದರೂ? ಅವನ ಮುಖ ತಂಗಿಯ ಖುರ್ಚಿಯ ಕಡೆಗೆ ತಿರುಗಿತು, ಈ ಸಲ ನೇರ ಅವಳ ಮೇಲೇ ಬಂದು ನಿಂತಿತು. "ಮಂದಿ ಕೈಗಿ ಕೊಟ್ಟದ್ದು ಕುಡದೇನ್ರಿ," ಅಂದ.

ಅಧಿಕಾರಿ ಅವನನ್ನು ಬಿಟ್ಟು ಇವಳ ಕಡೆ ತಿರುಗಿದರು. "ನೀವು ನಕ್ಷತ್ರದ ಮ್ಯಾಲ ಕೆಲಸ ಮಾಡ್ತೀರಂತ. ನಮ್ಮ ಕಡಿ ಹೆಣ್ಮಗಳು ಇಷ್ಟು ಮುಂದ ಹೋಗೋದಂದ್ರ ಅಭಿಮಾನ ಆಗ್ತದ್ರಿ. ಇದೇ ಮೆಥನಾಲ್ ಮ್ಯಾಲ ಅಂತ ಕೇಳಿದೆ, ಖರೇ ಏನು?" ಚಹಾ ತರಿಸಿದರು. ಒಂದೇ ಕಪ್ಪು. ಪರಿಮಳಾ ಹೌದೆಂದಳು, ಮೋಡ, ಕಣ, ಕೂಗು ಅಂತ ನಾಲ್ಕು ಮಾತು ಹೇಳಿದಳು, ಅಧಿಕಾರಿ ಕಣ್ಣರಳಿಸಿ ಕೇಳಿದರು. ಈ ಹೊತ್ತಿನಲ್ಲೂ ಆ ಕಣ್ಣರಳಿಸಿದ್ದು ತನಗೆ ಹಿತವಾಗುತ್ತಿದೆ ಅನ್ನುವುದು ಅವಳಿಗೆ ತಿಳಿಯಿತು. ತಿಳಿದರೂ ಹಿತ ಕಡಿಮೆಯಾಗಲಿಲ್ಲ. "ಹಂಗಾರ ನಮಗೊಂದು ಸಹಾಯ ಆಗಬೇಕ್ರಿ," ಅಂದರು ಬಸವೇಶ್ವರಿ. "ಲ್ಯಾಬಿನ ವರದಿ ಇನ್ನೂ ಬಂದಿಲ್ಲ. ಮನ್ಯಾಗ ಕಳ್ಳಬಟ್ಟಿ ಇಳಿಸೋ ಹೊತ್ತಿನ್ಯಾಗ ಈ ಮೆಥನಾಲ್ ತಾನ ಹುಟ್ಟತದೇನ್ರಿ? ಹುಟ್ಟತದ ಅಂದ್ರ ತಪ್ಪು ಆ ಮುದುಕಿದ, ಮಾತು ಅಲ್ಲಿಗೆ ಮುಗೀತು. ಇಲ್ಲಂದ್ರ ಹೊರಗಿಂದು, ಕಾರ್ಖಾನಿ ಮಾಲು; ಅದನ್ನ ಯಾರು ತಂದ್ರು ಅಂತ ನಾ ಕೇರ್ಯಾಗ ಹುಡುಕಬೇಕಾಗ್ತದ. ಭಾಳ ಉದ್ದ ಬ್ಯಾಡ್ರಿ, ತಿಳಿಯೂ ಹಂಗ ಹೇಳ್ರಿ."

ಕೇರಿಯಿಂದ ಕಾರ್ಖಾನೆಗೆ ಹೋಗುತ್ತಿದ್ದವನು ಒಬ್ಬನೇ. ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ, ಎರಡೂ ಕೈ ತೊಡೆಯ ಮೇಲೆ. ಉತ್ತರ ಉದ್ದವೇ ಇತ್ತು. ಹುಟ್ಟುತ್ತದೆ, ಎಳ್ಳಷ್ಟು; ಮನುಷ್ಯನನ್ನು ಕುರುಡು ಮಾಡುವಷ್ಟು, ಕೊಲ್ಲುವಷ್ಟು ಹುಟ್ಟುವುದಿಲ್ಲ. ಮೊದಲ ತುಂಡು ನಿಜ, ಎರಡನೆಯದೂ ನಿಜ. ತನ್ನ ನಕ್ಷೆಯ ಮೇಲೆ ಅವಳು ಒಂದು ಚುಕ್ಕೆಯನ್ನೂ ಅದರ ತಪ್ಪಿನ ಅಳತೆ ಬರೆಯದೆ ಇಟ್ಟವಳಲ್ಲ. ಇಷ್ಟು ಖಾತ್ರಿ, ಇಷ್ಟು ಅನುಮಾನ ಅಂತ ಪ್ರತಿಯೊಂದಕ್ಕೂ ಗೆರೆ ಎಳೆದು ಜಗಳಾಡಿದವಳು. ದೇವಕಮ್ಮ ಬೆಳಿಗ್ಗೆ ಬಾಗಿಲಲ್ಲಿ ನಿಂತು "ನೀನಿದ್ದಿ ಅಂತ ಕಳಸಾಕತ್ತೇನಿ" ಅಂದಿದ್ದಳು. ಮರದಾಚೆ ಜ್ಯೋತಿ ಕೂತಿದ್ದಳು. ಪರಿಮಳಾ ಚಹಾದ ಕಪ್ಪನ್ನು ಬಸಿಯ ಮೇಲೆ ಸದ್ದಾಗದ ಹಾಗೆ ಇಟ್ಟಳು.

"ಹುಟ್ಟತದ್ರಿ," ಅಂದಳು.

ಟೈಪಿಸ್ಟನ ಬೆರಳು ಓಡಿದವು. ಅಷ್ಟೇ. ಇಷ್ಟು ಸಲೀಸಾಗಿ ಆಗಿಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಬಸವೇಶ್ವರಿ ಎದ್ದು ನಿಂತು ಕೈ ಮುಗಿದು ಕಳಿಸಿಕೊಟ್ಟರು.

ಅಂಗಳಕ್ಕೆ ಬಂದು ನಾಲ್ಕು ಮಾರು ನಡೆದಿರಲಿಲ್ಲ, ಭೀಮರಾಯ ನಿಂತ. "ಖರೇನ ಹುಟ್ಟತದೇನು?"

"ಸ್ವಲ್ಪ ಹುಟ್ಟತದ."

"ಸ್ವಲ್ಪ ಅಂದ್ರ? ಮರಿಲಿಂಗ ಸಾಯೂವಷ್ಟು?"

ಅವಳು ಸುತ್ತ ನೋಡಿದಳು. "ಇಲ್ಲ," ಅಂದಳು, ಸಣ್ಣಗೆ. "ಅಣ್ಣಾ, ನಿನ್ನ ಒಳಗ ಹಾಕ್ತಾರ. ಕಣ್ಣಿಲ್ಲ ನಿನಗ, ಅಲ್ಲಿ ಹ್ಯಾಂಗ ಇರ್ತಿ? ಸಣ್ಣ ಹುಡುಗರದಾವ. ಅಂಬವ್ವಗ ಜಾಮೀನು ಕೊಡಸೂಣು, ವಕೀಲರನ್ನ ನಾ ಹಿಡೀತೀನಿ, ವರದಿ ಬಂದ ಮ್ಯಾಲ ತಾನ ಬಿಡ್ತಾರ ಆಕಿನ್ನ—"

"ವರದಿ ಬಂದ್ರ ನನ್ನ ಹುಡುಕ್ಕೊಂಡು ಬರಂಗಿಲ್ಲೇನು?"

ಭೀಮರಾಯ ಕೈ ಚಾಚಿ ಗಾಳಿಯನ್ನು ಒಮ್ಮೆ ಮುಟ್ಟಿದ. "ನಾನು ನಿನ್ನ ಮ್ಯಾಲ ಬಿಟ್ಟದ್ದು ತಪ್ಪಾತು," ಅಂದ. ಬೈದದ್ದಲ್ಲ. ಹೊರಲಾರದವಳ ತಲೆಯ ಮೇಲೆ ಮೂಟೆ ಇಟ್ಟುಬಿಟ್ಟೆನಲ್ಲ ಅನ್ನುವ ದನಿ. ಅದನ್ನು ಕೇಳುವುದಕ್ಕಿಂತ ಕಪಾಳಕ್ಕೆ ಹೊಡೆಸಿಕೊಳ್ಳುವುದು ಮೇಲಿತ್ತು. "ಜ್ಯೋತಿ ಅದಾಳೇನು ಇಲ್ಲಿ? ಜ್ಯೋತೀ."

ಜ್ಯೋತಿ ಬಂದಳು. ಅನುಮಾನದಿಂದ ಇಬ್ಬರನ್ನೂ ನೋಡಿದಳು.

"ಕೈ ಹಿಡಿಯವ್ವ. ಒಳಗಿನ ಆ ಬಾಯಿಸಾಹೇಬರ ಮುಂದ ಒಯ್ದು ಬಿಡು ನನ್ನ."

"ಯಾಕ ಅಣ್ಣಾ?"

"ಮರತದ್ದೊಂದು ಹೇಳೂದದ."

ಜ್ಯೋತಿ ಅವನ ಮಣಿಕಟ್ಟು ಹಿಡಿದಳು. ಪಾವಟಿಗೆಯ ಹತ್ತಿರ ನಿಂತು "ಹತ್ತು" ಅಂದಳು, ಅವನು ಕಾಲೆತ್ತಿದ. ತಾನು ಬೆಳಿಗ್ಗೆಯಿಂದ ಅವನಿಗೆ ಒಂದು ಸಲವೂ ಹೀಗೆ ಹೇಳಿರಲಿಲ್ಲ, ಬರೀ ಎಳೆದುಕೊಂಡು ಬಂದಿದ್ದೆ ಅನ್ನುವುದು ಪರಿಮಳಾಗೆ ಆಗ ಹೊಳೆಯಿತು. ಅವಳು ಬಿಸಿಲಿನಲ್ಲೇ ನಿಂತಳು. ಗೇಟು ತೆರೆದಿತ್ತು, ಆಚೆ ಬಸ್‌ಸ್ಟ್ಯಾಂಡಿನ ಗದ್ದಲ. ಹೋಗಿಬಿಡಬಹುದಿತ್ತು ಅಂತಲ್ಲ, ಆದರೆ ಹೋಗಿಬಿಟ್ಟರೆ ಅನ್ನುವುದು ಮನಸ್ಸಿನಲ್ಲಿ ಬಂದು, ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಪುಣೆಯ ತನ್ನ ಕೋಣೆಯ ಬಾಗಿಲು ತೆರೆದು ಒಳಗೆ ಕಾಲಿಡುವವರೆಗೆ ಹೋಗಿ ನಿಂತಿತು. ಪ್ಯೂನ್ ಬಂದು ಕರೆದ. ಈ ಸಲ ಮೇಡಂ ಅನ್ನಲಿಲ್ಲ. "ನಿಮ್ಮನ್ನ ಕರೀತಾರ."

ಒಳಗೆ ಅದೇ ಖುರ್ಚಿ ಖಾಲಿಯಿತ್ತು, ಕೂಡು ಅಂತ ಯಾರೂ ಅನ್ನಲಿಲ್ಲ. ಡಬ್ಬಿಯ ಮಾತು ಹೇಳಿ ಮುಗಿಸಿ ಭೀಮರಾಯ ನಡುಕೋಣೆಯಲ್ಲಿ ನಿಂತಿದ್ದ. ಬಾಗಿಲ ಹೊರಗೆ ಜ್ಯೋತಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು.

"ಹುಟ್ಟತದ ಅಂದಿದ್ದಿರಲ್ರಿ?" ಅಂದರು ಬಸವೇಶ್ವರಿ.

"ಹುಟ್ಟತದ್ರಿ. ಸಾಯೂವಷ್ಟು ಹುಟ್ಟಂಗಿಲ್ಲ. ಅದು ಕಾರ್ಖಾನಿದ."

"ಅದನ್ನ ಆಗ ಯಾಕ ಹೇಳಲಿಲ್ಲ?"

"ಉದ್ದ ಬ್ಯಾಡ ಅಂದ್ರಿ."

ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ಮುಚ್ಚಲು ಏನೂ ಸಿಗಲಿಲ್ಲ. ಟೈಪಿಸ್ಟು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಬಸವೇಶ್ವರಿಯವರ ಮುಖದಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಒಳ್ಳೆಯದೆಂದು ಕೊಂಡ ಹಣ್ಣನ್ನು ಮನೆಗೆ ಬಂದು ಕೊಯ್ದು ನೋಡಿದವರ ಮುಖ. ಪರಿಮಳಾ ಮೇಜಿನ ಅಂಚು ಹಿಡಿದುಕೊಂಡಳು. "ಇನ್ನೊಂದು ಬರ್ಕೋರಿ," ಅಂದಳು. "ಮೆಥನಾಲ್ ಅಂದ್ರ ಒಂದು ನಮೂನಿ ಸೆರೆ ಅಂತ ಇವರಿಗೆ ಹೇಳಿದಾಕಿ ನಾನು. ಶಾಲ್ಯಾಗ, ಎಲ್ಲಾರ ಮುಂದ. ವಿಷ ಅಂತ ನನಗ ಗ್ವತ್ತಿತ್ತು. ಹೇಳಲಿಲ್ಲ. ನಾ ಹೇಳಿದ್ದು ನಂಬಿ ಇವರು ತಂದಾರ."

ಟೈಪಿಸ್ಟು ಬೆರಳನ್ನು ಕೀಲಿಗಳ ಮೇಲೆ ನಿಲ್ಲಿಸಿ ಅಧಿಕಾರಿಯ ಕಡೆ ನೋಡಿದ. ಬಸವೇಶ್ವರಿ ಬೇಡವೆಂದು ತಲೆ ಆಡಿಸಿದರು. "ಅದು ಕೇಸಿಗೆ ಬರಂಗಿಲ್ರಿ. ಭಾಷಣ ಅದು. ನೀವು ಹೊರಗ ಕುಂದರ್ರಿ."

ಭೀಮರಾಯ ಮೊದಲ ಬಾರಿಗೆ ಅವಳ ಧ್ವನಿ ಬಂದ ಕಡೆಯಿಂದ ಮುಖ ಆಚೆ ತಿರುಗಿಸಿಕೊಂಡಿದ್ದ. "ಪರೀ, ಹೋಗು," ಅಂದ. "ವೈನಿ ಒಬ್ಬಾಕೀನ ಅದಾಳ."

ಅವನನ್ನು ಅಲ್ಲೇ ಇರಿಸಿಕೊಂಡರು. ಕ್ಯಾನು ಎಲ್ಲಿದೆ ಅಂತ ಕೇಳಿದ್ದಕ್ಕೆ ಮನೆಯಲ್ಲಿರಬೇಕು, ತನಗೆ ಕಣ್ಣು ಹೋದ ಮೇಲೆ ಗೊತ್ತಿಲ್ಲ ಅಂದನಂತೆ. ಸಂಜೆಗೆ ಜೀಪು ಕಳಿಸುತ್ತೇವೆ ಅಂದರು. ಜ್ಯೋತಿ ಗೇಟಿನವರೆಗೆ ಪರಿಮಳಾಳ ಜೊತೆಗೇ ನಡೆದು ಬಂದಳು. ಏನಾದರೂ ಅನ್ನುತ್ತಾಳೆಂದು ಇವಳು ಕಾದಳು. ಅವಳು ಅವ್ವನ ಜೈಲಿರುವ ಕಲಬುರಗಿಯ ಬಸ್ಸು ನಿಲ್ಲುವ ಕಡೆ ಓಡಿದಳು, ಹರಿದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಪರಿಮಳಾ ಕೇರಿ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ದೇವಕಮ್ಮ ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಿ ಇವಳನ್ನು ನೋಡಿದಳು, ಇವಳ ಹಿಂದೆ ನೋಡಿದಳು, ಯಾರೂ ಬರುತ್ತಿಲ್ಲ ಅನ್ನುವುದು ಖಾತ್ರಿಯಾಗುವವರೆಗೆ ನೋಡಿ, ಹಿಟ್ಟಿನ ಮೇಲೆ ಕೈ ಹಾಗೇ ಇಟ್ಟಳು. ಪರಿಮಳಾ ಒಲೆಯ ಪಕ್ಕ ಕೂತು ಹೇಳಿದಳು. ಮೊದಲು ತಾನು ಹೇಳಿದ್ದನ್ನು, ಆಮೇಲೆ ಅಣ್ಣ ಹೇಳಿದ್ದನ್ನು, ಆಮೇಲೆ ತಾನು ತಿರುಗಿ ಹೇಳಿದ್ದನ್ನು. ಎಲ್ಲೂ ಸಣ್ಣದು ಮಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಬಂತು. ದೇವಕಮ್ಮ ಅದನ್ನು ಬರಿಗೈಯಿಂದಲೇ ಎತ್ತಿ ನಾಯಿಗೆ ಎಸೆದಳು.

"ಡಬ್ಬಿ ಹತ್ತಿ ಕಟಗಿ ಬಣವ್ಯಾಗ ಅದ," ಅಂದಳು. "ನಾನ ಇಟ್ಟೀನಿ. ಅವತ್ತ ಅವರು ಒಯ್ದಾಗ ನಾ ನೋಡೀನಿ. ಮರುದಿನ ಎಲ್ಲಾರೂ ಬಿದ್ದಾಗ ತಿಳೀತು."

ಪರಿಮಳಾ ಅವಳನ್ನೇ ನೋಡಿದಳು. ಇಷ್ಟು ದಿನ ಅಂಬವ್ವನ ಮನೆಯ ಮುಂದೆ ನೀರಿಗೆ ಹೋಗಿ ಬಂದವಳು ಇವಳು.

"ಬಾವಿಗಿ ಒಗದು ಬರ್ಲೇನು?" ಅಂದಳು ದೇವಕಮ್ಮ. "ಕತ್ತಲಾಗೂದ್ರಾಗ ಹೋಗಿ ಬರ್ತೀನಿ. ಡಬ್ಬಿನ ಇರಲಿಲ್ಲಂದ್ರ?"

ಕೇಳಿದ ದನಿಯಲ್ಲಿ ಮೋಸವಿರಲಿಲ್ಲ, ದಣಿವಿತ್ತು. ಪರಿಮಳಾ ಎದ್ದು ಹಿತ್ತಲಿಗೆ ಹೋದಳು. ಹತ್ತಿ ಕಟ್ಟಿಗೆ ಒಂದೊಂದಾಗಿ ಸರಿಸಿದಳು, ಮೊಣಕೈ ಗೀರಿತು. ನೀಲಿ ಪ್ಲಾಸ್ಟಿಕ್ ಕ್ಯಾನು, ಸಣ್ಣದು; ಎತ್ತಿದರೆ ತಳದಲ್ಲಿ ಸ್ವಲ್ಪ ಅಲುಗಿತು. ವರ್ಷಗಟ್ಟಲೆ ದೂರದಿಂದ ಕೇಳಿದ್ದಳು. ಇಷ್ಟು ಹತ್ತಿರದಿಂದ ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಅದನ್ನು ತಂದು ಅಂಗಳದ ನಡುವೆ, ದಾರಿಯಿಂದ ಕಾಣುವ ಹಾಗೆ ಇಟ್ಟಳು. ಮಕ್ಕಳು ಹತ್ತಿರ ಬಂದವು, ಗದರಿಸಿ ಒಳಗೆ ಕಳಿಸಿದಳು.

ದೇವಕಮ್ಮ ಕ್ಯಾನನ್ನೂ ಅವಳನ್ನೂ ನೋಡಿದಳು. ಬೈಯುತ್ತಾಳೆ ಅಂದುಕೊಂಡಳು ಪರಿಮಳಾ. ಬೈಯಲಿ ಅಂತ ಕಾದಳು. ದೇವಕಮ್ಮ ಹಿಟ್ಟಿನ ಉಂಡೆ ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು.

"ಜೀಪಿನವರು ಬಂದ್ರ ರೊಟ್ಟಿ ಒಯ್ದು ಕೊಡ್ತಾರೇನು?"

"ಕೇಳೂಣು."

"ಪಲ್ಯಾ ಬ್ಯಾಡ. ಅವರಿಗೆ ಕಾಣಂಗಿಲ್ಲ, ಮೈಮ್ಯಾಲ ಚೆಲ್ಕೋತಾರ. ಶೇಂಗಾ ಹಿಂಡಿ ಒಳಗ ಹಾಕಿ ಸುರುಳಿ ಸುತ್ತು. ಬಿಸಿ ಇದ್ದಾಗ ಸುತ್ತು, ಆರಿದ್ರ ಮುರೀತದ."

ಪರಿಮಳಾ ಸುತ್ತಿದಳು. ಮೊದಲನೆಯದು ಬಿಗಿಯಾಗದೆ ಬಿಚ್ಚಿಕೊಂಡಿತು. ದೇವಕಮ್ಮ ಅವಳ ಕೈಯಿಂದ ಕಿತ್ತುಕೊಂಡು, ಬಿಚ್ಚಿ, ಮತ್ತೆ ಸುತ್ತಿ ತೋರಿಸಿದಳು. ಬೆರಳು ಸುಡುತ್ತಿತ್ತು. ಶಹಾಪುರದ ಕಡೆಯಿಂದ ಗಾಡಿಯ ಸದ್ದು ಕೇಳಿ ಕೇರಿಯ ನಾಯಿಗಳೆಲ್ಲ ಎದ್ದವು. ಇಬ್ಬರೂ ತಲೆಯೆತ್ತಲಿಲ್ಲ, ಇನ್ನೂ ಎರಡು ರೊಟ್ಟಿ ಬಾಕಿ ಇದ್ದವು.